ಗುಡ್ಡದಲ್ಲಿ ಬಂದ ಹೊಸ ನೀರು

ಆಗೆಲ್ಲ ನಮ್ಮ ಕಡೆ ಹಳ್ಳಕ್ಕೆ ನೀರು ಬರುವುದು ಒಂದು ಸುದ್ದಿ. ಹೆರಿಗೆ, ಸಾವು, ಮದುವೆಯ ಹಾಗೆ ಅದನ್ನೂ ಬೀದಿಯಲ್ಲಿ ಕೂಗಿ ಹೇಳುತ್ತಿದ್ದರು. ಶಿವನಿ ಎಂಬ ಊರಿಗೆ ಹತ್ತಿರದ ನಮ್ಮೂರಿನ ಹಳ್ಳದಲ್ಲಿ ವರ್ಷದ ಹೆಚ್ಚು ಕಾಲ ಇರುತ್ತಿದ್ದದ್ದು ಮರಳು, ಜಾಲಿಮುಳ್ಳು, ಆಡಿನ ಹಿಕ್ಕೆ. ಎಲ್ಲೋ ಮೇಲುಗಡೆ ಮಳೆಯಾದ ಸಂಜೆ ಯಾರಾದರೂ "ನೀರ್ ಬಂತ್ರೋ" ಅಂದರೆ, ಒಲೆಯ ಮೇಲಿನ ಎಸರನ್ನು ಹಾಗೇ ಬಿಟ್ಟು ಹೆಂಗಸರು ಹೊರಡುತ್ತಿದ್ದರು. ಕೈಯಲ್ಲಿ ಅರಿಶಿನ, ಕುಂಕುಮ, ಸಿಕ್ಕಿದ ಒಂದು ಹೂವು.

ಬಯಲುಸೀಮೆಯಲ್ಲಿ ಬೆಳೆದ ನಿಮಗೆ ಆ ನೀರು ಬರುವ ರೀತಿ ನೆನಪಿರಬಹುದು. ನೊರೆ, ಕಸಕಡ್ಡಿ, ಒಣ ಎಲೆಗಳನ್ನು ತಳ್ಳಿಕೊಂಡು ಮರಳಿನ ಮೇಲೆ ಕೆಂಪಗೆ ನಿಧಾನವಾಗಿ ಹರಡುತ್ತದೆ. ಒಂದು ಗುಂಡಿ ತುಂಬುವ ತನಕ ನಿಲ್ಲುತ್ತದೆ, ತುಂಬಿದ ಮೇಲೆ ಮತ್ತೆ ಹೊರಡುತ್ತದೆ. ನಾವು ಮಕ್ಕಳು ಅದರ ಎದುರಿಗೆ ಮುಖ ಮಾಡಿ ಹಿಂದೆ ಹಿಂದೆ ನಡೆಯುತ್ತಿದ್ದೆವು. ಯಾರ ಕಾಲನ್ನು ನೀರು ಮೊದಲು ಮುಟ್ಟುತ್ತದೋ ಅವರು ಸೋತಂತೆ. ಕಾದ ಮರಳು ನೆನೆಯುವಾಗ ಹುರಿದ ಕಾಳಿನಂಥ ವಾಸನೆ ಬರುತ್ತಿತ್ತು. ನಮ್ಮ ಕೇರಿಯಲ್ಲಿ ಮೊದಲ ಅರಿಶಿನ ಹಾಕುತ್ತಿದ್ದವಳು ನನ್ನ ಅಜ್ಜಿ, ಅಪ್ಪನ ತಾಯಿ. ಕುಕ್ಕರುಗಾಲಲ್ಲಿ ಕೂತು, ನೀರನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ತವರಿಗೆ ಬಂದ ಮಗಳನ್ನು ಕೇಳಿದ ಹಾಗೆ, "ಬಂದ್ಯೇನವ್ವಾ, ದಾರೀಲಿ ಬಿಸ್ಲಾಯ್ತಾ?" ಅನ್ನುತ್ತಿದ್ದಳು. ನೀರಿಗೆ ಹೆದರಬೇಕು ಅನ್ನುವುದನ್ನು ನಮಗೆ ಯಾರೂ ಕಲಿಸಿರಲಿಲ್ಲ. ಹೆದರುವಷ್ಟು ನೀರನ್ನು ಯಾರೂ ಕಂಡಿರಲಿಲ್ಲ.

ಅಜ್ಜಿಗೆ ಇನ್ನೊಂದು ಅಭ್ಯಾಸವಿತ್ತು. ಬೆಳಗ್ಗೆ ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ಹಿತ್ತಲಿಗೆ ಬಂದು ಪಡುವಣ ದಿಕ್ಕಿನ ಗುಡ್ಡಸಾಲು ನೋಡುವುದು. ನಮ್ಮೂರಿನಿಂದ ಅದು ಬಾನಿನ ಅಂಚಿನಲ್ಲಿ ಒಂದು ನೀಲಿ ಗೆರೆ. ಆ ಗೆರೆ ಮಸುಕಾಗಿದ್ದರೆ ಬಿಸಿಲು. ಗುಡ್ಡ ಎದ್ದು ಹತ್ತಿರ ಬಂದು ನಿಂತ ಹಾಗೆ ಕಂಡರೆ ಮಳೆ. "ಗುಡ್ಡ ಹತ್ರ ಬಂದೈತೆ, ಈರುಳ್ಳಿ ಒಳೀಕೆ ಹಾಕ್ಕಳ್ರೋ" ಅಂದರೆ ಊರಿನವರೂ ನಂಬುತ್ತಿದ್ದರು. ಅಷ್ಟು ವರ್ಷ ನೋಡಿದ್ದರೂ ಅವಳು ಆ ಗುಡ್ಡಕ್ಕೆ ಹೋಗಿರಲಿಲ್ಲ.

ನಾನು ನಾಲ್ಕನೇ ಕ್ಲಾಸು ಮುಗಿಸಿದ ಬೇಸಿಗೆಯಲ್ಲಿ ಅಪ್ಪ ಅವಳನ್ನು ಕರೆದುಕೊಂಡು ಹೋಗುವುದೆಂದಾಯಿತು. ಅಪ್ಪನದು ಊರಿನಲ್ಲಿ ಹಿಟ್ಟಿನ ಗಿರಣಿ. ಒಂದು ದಿನ ಗಿರಣಿಗೆ ಬೀಗ ಹಾಕಿ, ಗುಡ್ಡದ ಬುಡದ ಲಿಂಗದಹಳ್ಳಿಯ ಮಂಜಣ್ಣನ ಜೀಪಿಗೆ ಹೇಳಿದ. ದಾರಿಯಲ್ಲಿ ಕಲ್ಲತ್ತಿಯ ವೀರಭದ್ರನಿಗೆ ಕೈಮುಗಿದು, ಕೆಮ್ಮಣ್ಣುಗುಂಡಿ ನೋಡಿ, ಸಂಜೆಗೆ ವಾಪಸ್ಸು. ಅಮ್ಮ ಬೆಳಕು ಹರಿಯುವ ಮೊದಲೇ ಎದ್ದು ರೊಟ್ಟಿ, ಶೇಂಗಾ ಚಟ್ನಿ, ಚಿತ್ರಾನ್ನ, ಮೊಸರನ್ನ ಕಟ್ಟಿದಳು. ಜೀಪಿನಲ್ಲಿ ಅಜ್ಜಿ, ಅಪ್ಪ, ಅಮ್ಮ, ನಾನು, ನನ್ನ ತಮ್ಮ. ಡೀಸೆಲ್ಲಿನ ವಾಸನೆಯೂ ಚಿತ್ರಾನ್ನದ ವಾಸನೆಯೂ ಸೇರಿ ತಮ್ಮನಿಗೆ ಅಜ್ಜಂಪುರ ದಾಟುವುದರೊಳಗೇ ವಾಕರಿಕೆ ಬಂತು. ಅಜ್ಜಿ ಅವನ ಮೂಗಿಗೆ ನಿಂಬೆಹಣ್ಣು ಹಿಡಿದೇ ತರೀಕೆರೆ ತನಕ ಬಂದಳು.

ಮಂಜಣ್ಣ ಮಾತುಗಾರ. "ಅಜ್ಜಮ್ಮಾ, ಸ್ವೆಟರ್ ಗಿಟರ್ ತಂದಿದೀರಾ?"

"ಬ್ಯಾಸಿಗೇಲಿ ಸ್ವೆಟರ್ ಯಾಕಪ್ಪಾ? ನಿಮ್ ಗುಡ್ಡಕ್ಕೆ ಬ್ಯಾಸಿಗೆ ಬರಾದಿಲ್ವಾ?"

"ಬತ್ತದೆ. ಬೆಳಗ್ಗೆ ಬ್ಯಾಸಿಗೆ, ಮಧ್ಯಾಹ್ನ ಮಳೆಗಾಲ, ಸಂಜಿಗೆ ಚಳಿಗಾಲ. ಒಂದೇ ಟಿಕೆಟ್ಟಿಗೆ ಮೂರೂ ತೋರಿಸ್ತೀವಿ ಕಣ್ರೀ ನಾವು."

"ನಮ್ಮೂರಾಗೆ ಮೂರ್ ಟಿಕೆಟ್ ತಗಂಡ್ರೂ ಬ್ಯಾಸಿಗೆ ಒಂದೇ ಕಣಪ್ಪಾ" ಅಂದಳು ಅಜ್ಜಿ. ಅಪ್ಪ ನಕ್ಕ. ಎರಡು ವರ್ಷದಿಂದ ನಮ್ಮ ಹಳ್ಳಕ್ಕೆ ನೀರು ಬಂದಿರಲಿಲ್ಲ.

ಕಲ್ಲತ್ತಿಯಲ್ಲಿ ಕೈಮುಗಿದು, ಬುತ್ತಿ ಬಿಚ್ಚಿ ಉಂಡು, ಮೇಲೆ ಹತ್ತತೊಡಗಿದೆವು. ಒಂದೊಂದು ತಿರುವಿಗೂ ಗಾಳಿ ತಣ್ಣಗಾಗುತ್ತಾ ಹೋಯಿತು. ಅಜ್ಜಿ ಎಡಕ್ಕೂ ಬಲಕ್ಕೂ ಬಗ್ಗಿ ಹುಡುಕುತ್ತಿದ್ದಳು.

"ಗುಡ್ಡ ಎಲ್ಲೋಯ್ತೋ?"

"ಅದ್ರ ಮ್ಯಾಲೇ ಇದೀವಲ್ಲವ್ವ" ಅಂದ ಅಪ್ಪ.

ಅಜ್ಜಿ ಬಗ್ಗಿದವಳು ನೆಟ್ಟಗೆ ಕೂತಳು. "ಹಂಗಾರೆ ಮಳೆ ಬತ್ತದೋ ಇಲ್ವೋ ಹೆಂಗೆ ತಿಳ್ಕಳಾದು?"

ಮಂಜಣ್ಣ ಸ್ಟೇರಿಂಗಿನ ಮೇಲೆ ಕೈ ಬಡಿದು ನಕ್ಕ. ನಾವೂ ನಕ್ಕೆವು. ಇನ್ನೆರಡು ತಿರುವು ಹೋಗುವುದರೊಳಗೆ ಮಂಜು ಇಳಿಯಿತು. ಹಿಂದೆಯೇ ಗಾಳಿ, ಅದರ ಹಿಂದೆ ಜೀಪಿನ ಮೇಲೆ ಗೋಲಿ ಸುರಿದ ಹಾಗೆ ಆಲಿಕಲ್ಲು. ತಮ್ಮ ವಾಕರಿಕೆ ಮರೆತು ಟಾರ್ಪಾಲಿನ ಸಂದಿಯಿಂದ ಕೈಹಾಕಿ ಒಂದೊಂದೇ ಹಿಡಿದು ಬಾಯಿಗೆ ಹಾಕಿಕೊಂಡ. ನನ್ನ ಪಾಲಿಗೆ ಬಂದದ್ದನ್ನು ಅಜ್ಜಿಗೆ ಕೊಟ್ಟೆ. ಅವಳು ಸೆರಗಿನಲ್ಲಿ ಸುತ್ತಿ, "ಹಲ್ಲಿಲ್ಲ ಕಣೇ, ಕರಗ್ಲಿ" ಅಂದಳು.

ಮುಂದೆ ರಸ್ತೆಗೆ ಅಡ್ಡ ಮರ ಬಿದ್ದಿತ್ತು. ಅದರಾಚೆ ಒಂದು ಲಾರಿ ನಿಂತ ಸದ್ದು. ಮಂಜಣ್ಣ ಸೀಟಿನ ಕೆಳಗಿಂದ ಮಚ್ಚು ತೆಗೆದುಕೊಂಡ. ಅಪ್ಪನ ಮೊಬೈಲಿಗೆ ಸಿಗ್ನಲ್ ಇರಲಿಲ್ಲ. "ಕೊಂಬೆ ಕಡ್ದು ಬತ್ತೀನಿ. ಗಾಡಿ ಬಿಟ್ಟು ಎಲ್ಲೂ ಹೋಗ್ಬ್ಯಾಡಿ. ಈ ಮಂಜಲ್ಲಿ ನಿಮ್ ಕೈ ನಿಮಗೇ ಕಾಣಾದಿಲ್ಲ" ಅಂದು ಹೋದ.

ಅವನು ಹೇಳಿದ್ದು ಮಂಜಿನ ಮಾತು. ಮಂಜು ಸ್ವಲ್ಪ ಹೊತ್ತಿನಲ್ಲೇ ಸರಿದುಹೋಯಿತು. ಬಿಸಿಲು ಬಂತು, ಅದೂ ಎಂಥಾ ಬಿಸಿಲು ಅಂದರೆ ರಸ್ತೆಯಿಂದ ಹಬೆಯೇಳುವ ಬಿಸಿಲು. ಮೇಲುಗಡೆ ಮಾತ್ರ ಕಪ್ಪಗಿತ್ತು. ಅದು ಮರಗಳ ಕಪ್ಪೋ ಮೋಡದ ಕಪ್ಪೋ ನಮಗೆ ತಿಳಿಯಲಿಲ್ಲ. ಎಲ್ಲರೂ ಇಳಿದೆವು.

ಅಲ್ಲಿಂದ ಮುಂದಿನದನ್ನು ಬಹಳ ಜನ ಬಹಳ ಥರ ಹೇಳಿದ್ದಾರೆ. ನಾನು ಕಂಡಷ್ಟನ್ನೇ ಬರೆಯುತ್ತೇನೆ.

ಜೀಪು ನಿಂತ ಕಡೆಯಿಂದ ಸ್ವಲ್ಪ ಹಿಂದೆ ರಸ್ತೆ ತಗ್ಗು. ಮೇಲಿನಿಂದ ಕಲ್ಲುಗುಂಡುಗಳ ಒಂದು ಕೊರಕಲು ಇಳಿದು, ರಸ್ತೆಯನ್ನು ಅಡ್ಡ ಹಾಯ್ದು, ಇನ್ನೊಂದು ಬದಿಯಲ್ಲಿ ಕಣಿವೆಗೆ ಬೀಳುತ್ತಿತ್ತು. ಬದಿಗೆ ಸುಣ್ಣ ಬಳಿದ ಕಾವಲುಗಲ್ಲುಗಳು. ನಾವು ಇಳಿದಾಗ ಕೊರಕಲು ಬರೀ ಒದ್ದೆಯಾಗಿತ್ತು. ಆಮೇಲೆ ಕಲ್ಲುಗಳ ನಡುವಿನಿಂದ ಕೆಂಪನೆಯ ಸಣ್ಣ ನೀರು ಬಂತು. ಎಲೆ, ಕಡ್ಡಿ, ಕರಗದ ಆಲಿಕಲ್ಲು ತಳ್ಳಿಕೊಂಡು ರಸ್ತೆಯ ಮೇಲೆ ಹರಡಿತು.

"ಹೊಸ ನೀರು ಕಣೇ!" ಅಂದಳು ಅಜ್ಜಿ. ಆ ಕೂಗು ಈಗಲೂ ನನ್ನ ಕಿವಿಯಲ್ಲಿದೆ. ಚಿಕ್ಕ ಹುಡುಗಿಯ ದನಿ ಅದು.

ತಮ್ಮ ಆಗಲೇ ನೀರಿನ ಮುಂದೆ ಹಿಮ್ಮುಖವಾಗಿ ಹೆಜ್ಜೆ ಇಡುತ್ತಿದ್ದ. ಅಜ್ಜಿ ಸೊಂಟದ ಚೀಲದಿಂದ ಅರಿಶಿನ ಕುಂಕುಮದ ಪೊಟ್ಟಣ ತೆಗೆದಳು. ಅಮ್ಮ, "ಬ್ಯಾಡ ಅತ್ತೆ, ಜಾರ್ತದೆ" ಅಂದಳು.

"ಬಿಡೇ, ಎಲ್ಡ್ ವರ್ಷ ಆಯ್ತು ಅವ್ವ ನೀರು ಕಂಡು" ಅಂದ ಅಪ್ಪ.

ಅಮ್ಮ ತಮ್ಮನನ್ನು ಎತ್ತಿಕೊಂಡು ಬಂದು ಜೀಪಿನಲ್ಲಿ ಕೂರಿಸಿದಳು. ಅಜ್ಜಿ ಸೀರೆ ಎತ್ತಿ ಕಟ್ಟಿ, ರಸ್ತೆಯ ಅಂಚಿಗೆ ಹೋಗಿ, ಕುಕ್ಕರುಗಾಲಲ್ಲಿ ಕೂತು ಅರಿಶಿನ ಹಾಕಿದಳು. ನೀರು ಅವಳ ಪಾದ ಮುಚ್ಚುವಷ್ಟಿತ್ತು. ಅರಿಶಿನ ಹಳದಿಯಾಗಿ ಸ್ವಲ್ಪ ದೂರ ಹೋಗಿ ಕೆಂಪಿನಲ್ಲಿ ಬೆರೆಯಿತು. ಅವಳು ಏನೋ ಮಾತಾಡಿಸುತ್ತಿದ್ದಳು. ಆಗ ಮೇಲಿನಿಂದ ಗಿರಣಿ ಚಾಲೂ ಮಾಡಿದಾಗಿನಂಥ ಸದ್ದು ಶುರುವಾಯಿತು. ನಾವೆಲ್ಲ ತಲೆಯೆತ್ತಿ ಆಕಾಶ ನೋಡಿದೆವು. ನಮ್ಮ ಕಡೆ ಸದ್ದು ಆಕಾಶದಿಂದಲೇ ಬರುವುದು.

ನೀರು ಹರಡಿಕೊಂಡು ಬರಲಿಲ್ಲ, ಎದ್ದು ನಿಂತುಕೊಂಡು ಬಂತು. ಕಲ್ಲು, ಮಣ್ಣು, ಬೇರು ಎಲ್ಲ ಅದರೊಳಗಿದ್ದವು. ಅಜ್ಜಿ ಏಳಲು ಕೈ ಊರಿದ್ದನ್ನು ಕಂಡೆ. ಮರುಕ್ಷಣ ರಸ್ತೆಯ ಅಂಚಿನಲ್ಲಿ ಅವಳಿರಲಿಲ್ಲ. ನಾನು ಕಾವಲುಗಲ್ಲನ್ನು ತಬ್ಬಿಕೊಂಡು ನಿಂತಿದ್ದೆ. ಬಗ್ಗಿದರೆ ಕೆಳಗೆ, ಒಂದಾಳುದ್ದದಲ್ಲಿ, ಮರದ ಬೇರನ್ನು ಎರಡೂ ಕೈಯಲ್ಲಿ ಹಿಡಿದು ಅಜ್ಜಿ ಜೋತಾಡುತ್ತಿದ್ದಳು. ಎದೆಯ ತನಕ ನೀರು. ಲಿಂಗವಿದ್ದ ಕೊರಳಿನ ಬೆಳ್ಳಿ ಕರಡಿಗೆ ಹಿಂದಕ್ಕೆ ತಿರುಗಿತ್ತು.

ಅಪ್ಪ ನೀರಿಗಿಳಿದ. ತೊಡೆ ಮುಳುಗುವ ತನಕ ಹೋದ, ಕಾಲು ಜಾರಿತು. ಅಮ್ಮ ಒಂದು ಕೈಯಲ್ಲಿ ಕಾವಲುಗಲ್ಲು, ಇನ್ನೊಂದರಲ್ಲಿ ಅವನ ಅಂಗಿ ಹಿಡಿದಳು. "ಬಿಡೇ" ಅಂದ. ಅವಳು ಬಿಡಲಿಲ್ಲ. "ಬಿಡೇ, ಬಿಡೇ" ಅಂತಲೇ ಇದ್ದ. ಅಂಗಿ ಬೆನ್ನಿನುದ್ದಕ್ಕೂ ಹರಿಯಿತು. ಅಮ್ಮ ಹರಿದ ಅಂಗಿ ಬಿಟ್ಟು ಸೊಂಟದ ಬೆಲ್ಟಿಗೆ ಕೈಹಾಕಿದಳು.

ಅಜ್ಜಿ ಕೂಗಿದಳು. ಅಪ್ಪನನ್ನು ಅವಳು "ಏನಪ್ಪಾ" ಎಂದೋ, ತಮಾಷೆಗೆ "ಯಜಮಾನ್ರೇ" ಎಂದೋ ಕರೆಯುತ್ತಿದ್ದದ್ದು ನಾನು ಬಲ್ಲೆ. ಅವತ್ತು ಕೂಗಿದ್ದು ನಾನು ಕೇಳದ ಹೆಸರು. "ಮರೀ" ಅಂದಳು. "ಮರೀ, ಹಿಡ್ಕಳೋ."

ನೀರು ಇನ್ನೊಮ್ಮೆ ಏರಿತು. ಆಮೇಲೆ ಬೇರು ಮಾತ್ರ ಕಾಣುತ್ತಿತ್ತು.

ಮಂಜಣ್ಣ ಓಡಿಬಂದಾಗ ಬಿಸಿಲು ಹಾಗೇ ಇತ್ತು. ಅವನು ತಲೆಯ ಮೇಲೆ ಕೈ ಹೊತ್ತು, "ಮೇಲ್ ಮಳೆ ಬಿದ್ರೆ ಇಲ್ಲಿ ನೀರ್ ನುಗ್ತದೆ ಅಂತ ನಿಮಗೆ..." ಅಂದವನು ಅಲ್ಲಿಗೇ ನಿಲ್ಲಿಸಿದ. ಅವನ ಕಡೆಯವರಿಗೆ ಅದು ಹೇಳಬೇಕಾದ ಮಾತೇ ಅಲ್ಲ. ನೀರು ಇಳಿದದ್ದೂ ಬೇಗ. ಲಾರಿಯವರು, ತೋಟದ ಕೆಲಸದವರು ಕಣಿವೆಗೆ ಇಳಿದರು. ಕತ್ತಲಾಗುವ ಮೊದಲು ಕೆಳಗಿನ ಬಂಡೆಯ ಮಗ್ಗುಲಲ್ಲಿ ಸಿಕ್ಕಳು. ವಾಪಸ್ಸು ಬರುವಾಗ ಅವಳನ್ನು ಜೀಪಿನ ಸೀಟಿನುದ್ದಕ್ಕೆ ಮಲಗಿಸಿ, ಅಪ್ಪ ಕೆಳಗೆ ಕೂತು ಅವಳ ಕಾಲು ಹಿಡಿದುಕೊಂಡಿದ್ದ. ತಿರುವುಗಳಲ್ಲಿ ಅವಳು ಜಾರದಿರಲಿ ಎಂದು.

ಕರಡಿಗೆ ಕೊರಳಲ್ಲೇ ಇತ್ತು. ಮಣ್ಣು ಮಾಡಲು ಬಂದವರಿಗೆ ಅದೇ ಮಾತಾಯಿತು. "ಅಷ್ಟು ನೀರಾಗೂ ಲಿಂಗ ಬಿಟ್ಟಿಲ್ಲ ನೋಡು." "ಗಂಗಮ್ಮನೇ ಕರ್ಕಂಡ್ಲು, ಪುಣ್ಯವಂತೆ." ತಿಂಗಳು ಕಳೆಯುವುದರೊಳಗೆ, ಅವಳು ಕೈಮುಗಿದು ನಗುತ್ತಾ ಹೋದಳು ಎಂದಾಯಿತು. ಮಗನಿಗೆ "ನೀನು ಬರಬ್ಯಾಡ" ಎಂದು ಸನ್ನೆ ಮಾಡಿದಳು ಅಂತಲೂ ಒಬ್ಬರು ಸೇರಿಸಿದರು. ಅವಳ ಎರಡೂ ಕೈ ಬೇರಿನ ಮೇಲಿದ್ದವು. ಮುಗಿಯಲು, ಸನ್ನೆ ಮಾಡಲು ಬೇರೆ ಕೈ ಎಲ್ಲಿತ್ತು? ಅಜ್ಜಿ ಹೆದರಿದ್ದಳು. ಅವಳಿಗೆ ಬದುಕಬೇಕಾಗಿತ್ತು. ದೊಡ್ಡವರ ಎದುರಿಗೆ ಹಾಗೆ ಹೇಳಲು ನನ್ನನ್ನು ಯಾರೂ ಕೇಳಲಿಲ್ಲ.

ಅವತ್ತು ಬಿಡದೆ ಹಿಡಿದದ್ದಕ್ಕೆ ಅಪ್ಪ ಅಮ್ಮನಿಗೆ ಒಂದು ಮಾತೂ ಅನ್ನಲಿಲ್ಲ. ಅದೇ ಕಷ್ಟವಾಯಿತು. ಗಿರಣಿಯಿಂದ ಬರುತ್ತಿದ್ದ, ಉಣ್ಣುತ್ತಿದ್ದ, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದ. ಜಗಲಿಯ ಕಟ್ಟೆಯಲ್ಲಿ ಅವನು ಕೂತಿದ್ದರೆ ಅಮ್ಮ ಬಾಗಿಲ ಹತ್ತಿರ ನಿಂತೇ ಮಾತಾಡುತ್ತಿದ್ದಳು. ನಾನು ಓದಿ, ಮದುವೆಯಾಗಿ, ಕಡೂರಿಗೆ ಬಂದೆ. ಗಿರಣಿಯನ್ನು ತಮ್ಮ ನೋಡಿಕೊಳ್ಳುತ್ತಿದ್ದಾನೆ. ಅವನಿಗೆ ಆ ದಿನದ್ದು ಆಲಿಕಲ್ಲು ಮಾತ್ರ ನೆನಪಿದೆ.

ಹಳ್ಳಕ್ಕೆ ಈಗಲೂ ಒಮ್ಮೊಮ್ಮೆ ನೀರು ಬರುತ್ತದೆ. ನಮ್ಮ ಮನೆಯಿಂದ ಆಮೇಲೆ ಯಾರೂ ಹೋಗಲಿಲ್ಲ. ಮೊದಲ ಅರಿಶಿನ ಹಾಕುವವರಿಲ್ಲವೆಂದೋ ಏನೋ, ಕೇರಿಯವರೂ ಒಬ್ಬೊಬ್ಬರಾಗಿ ಬಿಟ್ಟರು. ಈಗ ಮನೆಮನೆಗೆ ನಲ್ಲಿ ಇದೆ. ಮಕ್ಕಳು ಸೇತುವೆಯ ಮೇಲೆ ನಿಂತು ಮೊಬೈಲಿನಲ್ಲಿ ಹಿಡಿದು ಹೋಗುತ್ತಾರೆ. ನೀರಿನ ಎದುರಿಗೆ ಹಿಂದೆ ಹಿಂದೆ ನಡೆಯುವ ಆಟ ನನ್ನ ಮಗಳಿಗೆ ಹೇಳಿದರೆ, "ಅದ್ರಲ್ಲಿ ಏನಿದೆ ಅಮ್ಮಾ?" ಅಂದಳು.

ಕಳೆದ ವರ್ಷ ನಾನು ಊರಿಗೆ ಹೋಗಿದ್ದಾಗ ಒಂದು ಸಂಜೆ ಮಳೆಯಾಯಿತು. ಅಪ್ಪನೂ ನಾನೂ ಜಗಲಿಯಲ್ಲಿದ್ದೆವು. ಅವನಿಗೆ ಈಗ ಅಜ್ಜಿಗೆ ಆಗ ಇದ್ದಷ್ಟೇ ವಯಸ್ಸು. ಮಳೆ ನಿಂತ ಮೇಲೆ ಹಳ್ಳದ ಕಡೆಯಿಂದ ಸದ್ದು ಶುರುವಾಯಿತು. ಬೀದಿಯಲ್ಲಿ ಯಾರೂ ಕೂಗಲಿಲ್ಲ. ಅಪ್ಪ ನನ್ನ ಕಡೆ ನೋಡದೆ ಕೇಳಿದ.

"ಅವತ್ತು ನೀನು ಕಲ್ಲಿನ ಹತ್ರ ಇದ್ದೆ, ಅಲ್ವಾ?"

"ಹೂಂ."

"ಅವ್ವ ಏನಂದ್ಲು?"

ಒಳಗೆ ಪಾತ್ರೆಯ ಸದ್ದು ನಿಂತಿತು. ಅಮ್ಮನಿಗೂ ಕೇಳಿಸಿತ್ತು.

"'ಮರೀ' ಅಂದ್ಲು. 'ಮರೀ, ಹಿಡ್ಕಳೋ' ಅಂದ್ಲು."

ಅಪ್ಪ ಈಗ ನನ್ನ ಕಡೆ ತಿರುಗಿದ. "ನಂಗೂ ಹಂಗೇ ಕೇಳಿಸ್ತು" ಅಂದ. "ಎಲ್ರೂ ಬ್ಯಾರೆ ಹೇಳ್ತಾರಲ್ಲ. ನಂಗೊಬ್ನಿಗೇ ಕೇಳಿಸಿದ್ದೇನೋ ಅನ್ಕಂಡಿದ್ದೆ. ಚಿಕ್ಕವನಿದ್ದಾಗ ಹಂಗೆ ಕರೀತಿದ್ಲು. ನಾನು ಗಿರಣಿ ಹಾಕಿದ್ ಮೇಲೆ ಬಿಟ್ಟಿದ್ಲು."

ಅಮ್ಮ ಕಾಫಿ ತಂದು ಕಟ್ಟೆಯ ಮೇಲಿಟ್ಟು ಬಾಗಿಲಿಗೆ ಹಿಂತಿರುಗಿದಳು. ಅಪ್ಪ ಸ್ವಲ್ಪ ಸರಿದು ಕೂತ. "ಬಾ, ಕೂತ್ಕೊ" ಅಂದ. ಅಮ್ಮ ಕೂತಳು.

ಕತ್ತಲಾಗುವ ತನಕ ನೀರಿನ ಸದ್ದು ಕೇಳುತ್ತಿತ್ತು. ನಾವು ಮೂವರಲ್ಲಿ ಯಾರೂ ನೋಡಲು ಏಳಲಿಲ್ಲ.