ಜಯಮ್ಮ ತೊಳೆದ ಎಂಜಿನ್ನು

ಎಂಜಿನ್ನಿನ ಒಂದು ಭಾಗ ತೊಳೆದಾಯಿತು ಅನ್ನುವ ಮುನ್ನ ಜಯಮ್ಮ ಅದನ್ನು ಬಿಳಿ ಪಂಚೆಯ ತುಂಡಿನಲ್ಲಿ ಒರೆಸಿ, ಬಟ್ಟೆಯನ್ನು ಬಿಸಿಲಿಗೆ ಹಿಡಿಯುತ್ತಿದ್ದರು. ಎಳೆಯಷ್ಟು ಕಪ್ಪು ಕಂಡರೂ ಅದು ಮತ್ತೆ ಡೀಸೆಲ್ ಬಾಂಡಲಿಗೆ ಬೀಳುತ್ತಿತ್ತು. "ಮಕ ತೊಳುದ್ರೆ ಆಯ್ತಾ, ಕಿವಿ ಸಂದಿ ಯಾರು ತೊಳುದಾರು?" ಎನ್ನುತ್ತಿದ್ದರು.

ಪಿರಿಯಾಪಟ್ಟಣದ ಅಂಚಿನಲ್ಲಿ, ಬೆಟ್ಟದಪುರದ ರಸ್ತೆಯಲ್ಲಿ ಅವರ ಮನೆ. ಗಂಡ ರಾಜಣ್ಣ ಅಂಗಳದಲ್ಲೇ ಹಳೆಯ ಬೈಕುಗಳನ್ನು ರಿಪೇರಿ ಮಾಡುತ್ತಿದ್ದರು. ಜಯಮ್ಮ ಮೊದಲು ಹೊಗೆಸೊಪ್ಪು ವಿಂಗಡಿಸುವ ಕೂಲಿಗೆ ಹೋಗುತ್ತಿದ್ದವರು. ಅತ್ತೆಗೆ ಮರೆವಿನ ಕಾಯಿಲೆ ಹಿಡಿದ ಮೇಲೆ ಅದು ನಿಂತಿತು. ಸೊಸೆ ಕಾಣದಿದ್ದರೆ ಆ ಅಜ್ಜಿ "ಜಯೀ" ಎಂದು ಅಳುತ್ತ ರಸ್ತೆಗೇ ಬಂದುಬಿಡುತ್ತಿದ್ದರು. ಹಾಗಾಗಿ ಹನ್ನೊಂದು ವರ್ಷ ಜಯಮ್ಮ ಜಗಲಿಯಿಂದ ಕಾಣುವಷ್ಟು ಜಾಗ ಬಿಟ್ಟು ಹೋಗಲಿಲ್ಲ. ಅಷ್ಟು ಜಾಗದಲ್ಲಿ ಅವರಿಗೆ ಸಿಕ್ಕ ಕೆಲಸ ಇದು.

ಮೈಸೂರಿನಲ್ಲೇ ತಯಾರಾಗಿದ್ದ ಅಪ್ಪನ ಹಳೆಯ ಬೈಕನ್ನು ನಾನು ರಾಜಣ್ಣನಿಗೆ ರಿಪೇರಿಗೆ ಕೊಟ್ಟಿದ್ದೆ. ನಾನು ಹೈಸ್ಕೂಲ್ ಮೇಷ್ಟ್ರು. ರಜೆ ಮುಗಿಯುವುದರೊಳಗೆ ಗಾಡಿ ಬೇಕಿತ್ತು. ಜಯಮ್ಮ ಮುರಿದ ಹಳೆಯ ರಿಂಗಿನ ಚೂರಿನಿಂದ ಪಿಸ್ಟನ್ನಿನಲ್ಲಿ ರಿಂಗು ಕೂರುವ ಸಂದಿನ ಮಸಿ ಕೆರೆದು ಮುಗಿಸಿದ್ದರು. ಎಂಜಿನ್ನಿನ ಕೆಳಭಾಗದ ಡಬ್ಬವೊಂದು ಮಾತ್ರ ಅವರ ಮಡಿಲಲ್ಲೇ ಇತ್ತು.

"ಕೊಡು ಇತ್ತಾಗೆ, ಮೇಷ್ಟ್ರು ಕಾಯ್ತಾವ್ರೆ" ಎಂದು ರಾಜಣ್ಣ ಗದರಿದರು.

ಜಯಮ್ಮ ಒಂದು ಸಣ್ಣ ತೂತಿಗೆ ಟ್ಯೂಬಿಟ್ಟು ಊದಿದರು. "ಗಾಳಿನೇ ಓಯ್ತಿಲ್ಲ. ಎಣ್ಣೆ ಎಂಗೋದದು?"

ಕ್ಲಚ್ ಕೇಬಲ್ಲಿನ ಒಂದೆಳೆ ತೂರಿಸಿ ತಿರುವಿದಾಗ, ಎಣ್ಣೆ ಸೋರದಿರಲೆಂದು ಹಿಂದೆ ಯಾರೋ ಮೆತ್ತಿದ್ದ ಪೇಸ್ಟಿನ ಗಟ್ಟಿ ಕಾಳೊಂದು ಉದುರಿತು. ಹಾಗೇ ಜೋಡಿಸಿದ್ದರೆ ಬೇರಿಂಗ್ ಸುಟ್ಟುಹೋಗುತ್ತಿತ್ತು. ರಾಜಣ್ಣ ಡಬ್ಬ ತೆಗೆದುಕೊಂಡರು.

ಗಾಡಿ ಎದ್ದ ದಿನ ನಾನೇ ಜಯಮ್ಮನಿಗೆ ಹೇಳಿದೆ, "ಅಜ್ಜಿ ಜೊತೆ ನಾನು ಕೂತಿರ್ತೀನಿ, ನೀವಿಬ್ಬರೂ ರಾವಂದೂರಿಗೆ ಹೋಗಿ ನಿಮ್ಮಕ್ಕನ್ನ ನೋಡ್ಕೊಂಡು ಬನ್ನಿ." ಜಯಮ್ಮ ಸೀರೆ ಬದಲಾಯಿಸಿ ಬಂದು ಗಂಡನ ಹಿಂದೆ ಕೂತರು. ಗಾಡಿ ಎರಡನೇ ಲೈಟುಕಂಬ ದಾಟಿರಲಿಲ್ಲ, ಅಜ್ಜಿ ಕಿರುಚಿಕೊಂಡರು. ಜಯಮ್ಮ ಇಳಿದು ನಡೆದೇ ವಾಪಸು ಬಂದರು. ರಾಜಣ್ಣ ಒಬ್ಬರೇ ಮುಂದೆ ಹೋದರು. ಅತ್ತೆಯ ಕೈಹಿಡಿದು ಕೂತ ಜಯಮ್ಮ ದೂರದ ಸದ್ದು ಕೇಳುತ್ತ, "ಟಾಪ್ ಗೇರ್ ಆಕುದ್ರು" ಎಂದರು. ನಾನು ತಲೆ ತಗ್ಗಿಸಿದೆ.

ಹೋದ ವರ್ಷ ಅಜ್ಜಿ ತೀರಿಕೊಂಡರು. ಇನ್ನಾದರೂ ಈಕೆ ಹೊರಗೆ ಹೋಗುತ್ತಾರೆ ಅಂದುಕೊಂಡೆ. ತಿಥಿ ಮುಗಿದ ವಾರಕ್ಕೆ ರಾಜಣ್ಣ ಇನ್ನೆರಡು ಎಂಜಿನ್ ತಂದಿಳಿಸಿದರು. "ಈಗ ಅಡ್ಡಿ ಇಲ್ಲ ಬುಡಿ ಮೇಷ್ಟ್ರೆ, ಕೆಲ್ಸ ಬಿರ್ರನೆ ಆಯ್ತದೆ" ಎಂದರು. ಜಯಮ್ಮ ಬಾಂಡಲಿಗೆ ಡೀಸೆಲ್ ಸುರಿಯುತ್ತಿದ್ದರು.

ಅದಾಗಿ ಕೆಲವು ತಿಂಗಳಿಗೆ, ಒಂದು ಬೆಳಿಗ್ಗೆ, ಅವರು ಬಸ್ ನಿಲ್ದಾಣದಲ್ಲಿ ಕೈಚೀಲ ಹಿಡಿದು ನಿಂತಿದ್ದರು. "ರಾವಂದೂರು ಬಸ್ಸು ಎಲ್ಲಿ ನಿಲ್ತದೆ ಮೇಷ್ಟ್ರೆ?" ಅವರ ಮನೆಯಿಂದ ಆ ನಿಲ್ದಾಣಕ್ಕೆ ಒಂದು ಮೈಲಿಯೂ ಇಲ್ಲ.

ತೋರಿಸಿದೆ. "ರಾಜಣ್ಣಂಗೆ ಹೇಳಿದ್ದೀರಾ?"

"ಏಳಿವ್ನಿ. ಕೇಳುಸ್ಕಂಡ್ರೋ ಇಲ್ವೋ."

"ಯಾವಾಗ ಬರ್ತೀರಿ?"

"ಗೊತ್ತಿಲ್ಲ ಕಣ್ರೀ" ಎಂದು ಬಸ್ಸು ಹತ್ತಿದರು.

ನಾಲ್ಕು ತಿಂಗಳಾಯಿತು. ರಾಜಣ್ಣ ಈಗ ತಾವೇ ಕುಕ್ಕರಗಾಲಲ್ಲಿ ಕೂತು ತೊಳೆಯುತ್ತಾರೆ. "ಅಕ್ಕನ ಮನೇಲವ್ಳೆ, ಈ ಸೋಮ್ವಾರ ಬತ್ತಾಳೆ" ಎಂದು ನಾನು ಹೋದಾಗಲೆಲ್ಲ ನನ್ನ ಮುಖ ನೋಡುತ್ತಾರೆ. ಬರಲಿ ಅನ್ನುವ ಮಾತು ನನ್ನ ಬಾಯಿಗೆ ಬರುವುದಿಲ್ಲ.