ಭಾವನ ಹೂಂ, ಅಕ್ಕನ ಊಹೂಂ

ಎ.ಸಿ. ಎಷ್ಟಕ್ಕಿಡಬೇಕು ಎಂಬುದರಲ್ಲೇ ಮದುವೆಯಾದಂದಿನಿಂದ ಒಮ್ಮತಕ್ಕೆ ಬಾರದ ದಂಪತಿ ನನ್ನ ಅಕ್ಕ-ಭಾವ. ಇಂಥವರು ಮಗಳೆಂದೇ ಬೆಳೆಸಿದ ಹದಿಮೂರರ ಒಂದೇ ಕುಡಿ ಎದುರು ನಿಂತು, "ನಾನು ಹುಡುಗಿಯಲ್ಲ, ಹುಡುಗ. ಅನೂಪ್ ಅಂತ ಕರೀರಿ" ಎಂದರೆ ಏನಾಗಬೇಡ?

ಭಾವ ಕಾಲೇಜು ಮೇಷ್ಟ್ರು. ವಾರದೊಳಗೆ ಇಂಟರ್‌ನೆಟ್ ಅಷ್ಟನ್ನೂ ಓದಿ ಮುಗಿಸಿ, "ಹಾರ್ಮೋನ್ ತಡೆದು ದೇಹ ಬದಲಾಗುವುದನ್ನು ನಿಲ್ಲಿಸುವ ಮದ್ದು ಉಂಟು, ಬೇಗ ಶುರು ಮಾಡುವ" ಎಂದರು. ಅಕ್ಕ ಬ್ಯಾಂಕಿನಾಕೆ. "ಹದಿನೆಂಟಾಗಲಿ. ನಾಳೆ ಮನಸ್ಸು ಬದಲಾದ್ರೆ ಯಾರು ಜವಾಬ್ದಾರಿ?" ಎಂದಳು.

ಅನೂಪ್? ತಿಂಗಳ ಆ ದಿನಗಳಲ್ಲಿ ಬಾಗಿಲು ಹಾಕಿಕೊಂಡು ಅಳುತ್ತಿದ್ದ. ಆಮೇಲೆ ಶಾಲೆಗೆ ಹೋಗುವುದನ್ನೇ ಬಿಟ್ಟ.

ಕೊನೆಗೆ ಅಂಪೈರ್ ಆಗಿ ನನಗೆ ಬುಲಾವ್. "ಪೇಪರಲ್ಲಿ ಊರಿಗೆಲ್ಲ ಬುದ್ಧಿ ಹೇಳ್ತಿಯಲ್ಲ, ಇದಕ್ಕೆ ಎಂತ ಹೇಳ್ತಿ ಮಾರಾಯ?" ಎಂದಳು ಅಕ್ಕ. ನಾನು ಜಾಣ. ಭಾವ 'ಅವನು' ಎನ್ನುತ್ತಾರೆ, ಅಕ್ಕ 'ಅವಳು'. ನಾನು 'ಮಗು' ಎಂದೆ.

"ಮಾವ, ನಂಗೆ ಹದಿಮೂರು" ಎಂದ ಅನೂಪ್. (ಜಾಣತನ ಅಲ್ಲಿಗೆ ಮುಗಿಯಿತು.)

ಕಳೆದ ವಾರ ನಾಲ್ವರೂ ಕಾವೂರಿನಿಂದ ಕೊಡಿಯಾಲ್‌ಬೈಲಿನ ಡಾಕ್ಟರಲ್ಲಿಗೆ ಹೊರಟೆವು. ರಸ್ತೆಯಲ್ಲಿ ಜಾಮ್, ಕಾರಿನೊಳಗೂ ಜಾಮ್. ಡಾಕ್ಟರಮ್ಮ ನಮ್ಮ ಮೂವರನ್ನು ಹೊರಗೆ ಕೂರಿಸಿ, ಅನೂಪ್ ಜೊತೆ ಬಹಳ ಹೊತ್ತು ಮಾತಾಡಿದರು. ಮತ್ತೆ ಒಳಗೆ ಕರೆದರು.

"ಮದ್ದಿಗೂ ರಿಸ್ಕ್ ಉಂಟು, ಸುಮ್ಮನೆ ಕಾಯುವುದಕ್ಕೂ ಉಂಟು. ಇನ್ನೂ ತುಂಬ ಮಾತಾಡಲಿಕ್ಕುಂಟು. ಆಮೇಲೂ ನೀವಿಬ್ಬರೂ ಒಪ್ಪದೆ ನಾನು ಮದ್ದು ಕೊಡುವುದಿಲ್ಲ."

ಅಕ್ಕನ ಮುಖದಲ್ಲಿ ಗೆದ್ದ ಕಳೆ. ಆಗ ಅನೂಪ್ ಬಾಯಿಬಿಟ್ಟ.

"ಮದ್ದು ಬೇಕೂಂತ ನಾನಿನ್ನೂ ಹೇಳ್ಲೇ ಇಲ್ಲ ಅಮ್ಮಾ. ಬೇಕಾಂತ ಪಪ್ಪನೂ ಕೇಳ್ಲಿಲ್ಲ, ನೀನೂ ಕೇಳ್ಲಿಲ್ಲ. ನಂಗೆ ಹೆದರಿಕೆ ಆಗ್ತದೆ. ಆದ್ರೆ ಹೀಗೇ ಇರ್ಲಿಕ್ಕೂ ಆಗುದಿಲ್ಲ."

ಅಕ್ಕ ಅತ್ತಳು. "ನಂಗೂ ಹೆದರಿಕೆಯೇ" ಎಂದಳು. ಭಾವ ಮೆಲ್ಲನೆ ನೀರಿನ ಬಾಟಲಿಯ ಮುಚ್ಚಳ ತೆಗೆದು ಅವಳ ಕೈಗಿತ್ತರು.

ಈಗ ಅಪ್ಪ, ಅಮ್ಮ, ಮಗ ಮೂವರೂ ಕೌನ್ಸೆಲಿಂಗಿಗೆ ಹೋಗುವುದೆಂದಾಗಿದೆ. ಸೋಮವಾರ ಅನೂಪ್ ಕೂದಲು ಗಿಡ್ಡ ಮಾಡಿಸಿಕೊಂಡು ಶಾಲೆಗೆ ಹೋದ. ಕ್ಷೌರಕ್ಕೆ ಕರೆದೊಯ್ದವಳು ಅಕ್ಕ! ಮದ್ದಿನ ಬಗ್ಗೆ ಮಾತ್ರ ತೀರ್ಮಾನವಿಲ್ಲ, ಚರ್ಚೆ ಜಾರಿಯಲ್ಲಿದೆ.

ಇರಲಿ. ಇಬ್ಬರೂ ವಾದಿಸುತ್ತಿರುವುದು ಪ್ರೀತಿಯಿಂದಲೇ, ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ಅಪ್ಪ-ಅಮ್ಮನ ಚರ್ಚೆ ಮುಗಿಯುವ ತನಕ ಬೆಳೆಯದೆ ತಡೆದುಕೊಂಡಿರು ಎಂದು ಆ ದೇಹಕ್ಕೆ ತಿಳಿಹೇಳುವವರು ಯಾರು?