ಗುಡ್ಡದ ಹುಲ್ಲು ಇಳಿಸುವ ಜಾಡು

ಗಜೇಂದ್ರಗಡದ ಗುಡ್ಡದ ಸಾಲು ನಮ್ಮ ಊರಿನತ್ತ ಇಳಿಯುವಲ್ಲಿ ನಮ್ಮ ಹೊಲ ಇದೆ. ಕೆಳಗೆ ಎರಿ, ಅಂದರೆ ಕಪ್ಪು ಮಣ್ಣಿನ ಭೂಮಿ, ಮೇಲೆ ಗುಡ್ಡಕ್ಕೆ ಹತ್ತಿದ ಇಳಿಜಾರು. ಕೆಳಗೆ ಜೋಳ, ಕಡಲೆ ಬೆಳೆಯುತ್ತೇವೆ. ಮೇಲೆ ಕರಡ ಎನ್ನುವ ಹುಲ್ಲು ಬಿಟ್ಟರೆ ಬೇರೇನೂ ಬರುವುದಿಲ್ಲ. ಆ ಹುಲ್ಲು ಒಣಗಿ ನಿಂತು, ಬೇಸಿಗೆಯಲ್ಲಿ ಜೋಳದ ಕಣಿಕೆಯ ಬಣವೆ ಕರಗುತ್ತ ಬಂದಾಗ ನಮ್ಮ ಎಮ್ಮೆಗಳ ಹೊಟ್ಟೆಗೆ ಆಗುತ್ತದೆ. ಹೋಳಿ ಹುಣ್ಣಿಮೆಗೆ ಮುಂಚಿನ ಬೆಳದಿಂಗಳಲ್ಲಿ ಅದನ್ನು ಕೆಳಗೆ ಇಳಿಸುವುದು ನಮ್ಮ ಮನೆಯ ರೂಢಿ. ಬಿಸಿಲಲ್ಲಿ ಕಟ್ಟಿದರೆ ಕರಡ ಮುರಿದು ಪುಡಿಯಾಗುತ್ತದೆ. ಹೊತ್ತು ಮುಳುಗಿ ಗಾಳಿ ತಂಪಾದ ಮೇಲೆ ಮೆತ್ತಗಾಗಿ ಸಿವುಡು, ಅಂದರೆ ಸಣ್ಣ ಕಟ್ಟು, ಕಟ್ಟಲು ಬಗ್ಗುತ್ತದೆ.

ಹೋದ ವರ್ಷ ಕಡಲೆ ಬಿತ್ತುವ ದಿನಗಳಲ್ಲಿ ನನ್ನ ಮನೆಯವರು ತೀರಿಕೊಂಡರು. ಬೆಳಿಗ್ಗೆ ಎದೆ ಹಿಡಿದಂತಾಗಿದೆ ಎಂದರು. ಚಹಾ ಕುಡಿದರು. ಹೊಲಕ್ಕೆ ಹೊರಟವರು ಕಟ್ಟೆಯ ಮೇಲೆ ಕುಳಿತುಬಿಟ್ಟರು. ರೋಣದ ದವಾಖಾನೆಯ ದಾರಿಯಲ್ಲೇ ಎಲ್ಲ ಮುಗಿಯಿತು. ಅದರ ಬಗ್ಗೆ ನನಗೆ ಹೆಚ್ಚು ಬರೆಯಲು ಬರುವುದಿಲ್ಲ. ನಾನು ಬರೆಯಬೇಕೆಂದಿರುವುದು ಗುಡ್ಡದ ಜಾಡಿನ ಬಗ್ಗೆ. ಅದನ್ನು ಮಾಡಿದವರು ಅವರು. ಈ ಬೇಸಿಗೆಯಲ್ಲಿ ಅದು ಉಳಿಯುವುದೋ ಮುಚ್ಚಿಹೋಗುವುದೋ ಎನ್ನುವುದು ನನ್ನ ಮೇಲೆ ಬಂದಿತ್ತು.

ನಾನು ಮದುವೆಯಾಗಿ ಬಂದ ಹೊಸತರಲ್ಲಿ, ಮಳೆನೀರು ಇಂಗಲಿ ಎಂದು ಸರಕಾರದವರು ಆ ಇಳಿಜಾರಿನ ತುಂಬ ಗುಂಡಿ ತೋಡಿಸಿದರು. ನಾವಿಬ್ಬರೂ ಆ ಕೆಲಸಕ್ಕೆ ಹೋಗಿದ್ದೆವು. ಒಬ್ಬ ಆಳು ಮಲಗುವಷ್ಟು ಉದ್ದದ ಗುಂಡಿ, ತೋಡಿದ ಮಣ್ಣು ಅದರ ಕೆಳಬದಿಗೆ ದಿಬ್ಬ. ಮೇಲಿನ ಸಾಲಿನಲ್ಲಿ ಎರಡು ಗುಂಡಿಗಳ ನಡುವೆ ಜಾಗ ಬಿಟ್ಟಿದ್ದರೆ, ಕೆಳಗಿನ ಸಾಲಿನಲ್ಲಿ ಸರಿಯಾಗಿ ಆ ಜಾಗದ ಎದುರಿಗೆ ಒಂದು ಗುಂಡಿ ಬರುತ್ತದೆ. ನೀರು ಎಲ್ಲಿಯೂ ನೆಟ್ಟಗೆ ಓಡಬಾರದೆಂದು ಹಾಗೆ. ಒಂದೆರಡು ಮಳೆಗಾಲ ಕಳೆದ ಮೇಲೆ ದಿಬ್ಬಗಳ ಮೇಲೂ ಹುಲ್ಲು ಬಂತು. ದೂರದಿಂದ ನೋಡಿದರೆ ಗುಡ್ಡದ ತುಂಬ ಕುರಿ ಮಲಗಿದಂತೆ ಕಾಣುತ್ತದೆ.

ಮಾವನವರ ಕಾಲದಲ್ಲಿ ಹುಲ್ಲಿನ ಹೊರೆಯನ್ನು ಮೇಲಿಂದ ಉರುಳಿಸಿಬಿಡುತ್ತಿದ್ದರಂತೆ. ಗುಂಡಿಗಳಾದ ಮೇಲೆ ಅದು ನಡೆಯಲಿಲ್ಲ. ಉರುಳಿದ ಹೊರೆ ಮೊದಲ ಸಾಲಿನಲ್ಲೇ ಬಿದ್ದಿರುತ್ತಿತ್ತು. ಆಗ ಇವರು ಮನೆಯಲ್ಲಿ ಒಡೆದುಹೋಗಿದ್ದ ನೀರಿನ ನೀಲಿ ಪ್ಲಾಸ್ಟಿಕ್ ಡ್ರಮ್ಮನ್ನು ಉದ್ದಕ್ಕೆ ಸೀಳಿ, ಬೆಂಕಿಗೆ ಕಾಯಿಸಿ ಹಾಳೆಯಂತೆ ಬಿಡಿಸಿ, ಮುಂದಿನ ತುದಿಯನ್ನು ಮೇಲಕ್ಕೆ ಬಗ್ಗಿಸಿದರು. ಅದಕ್ಕೆ ದೋಣಿ ಎಂದು ಹೆಸರಿಟ್ಟರು. ಸಿವುಡುಗಳನ್ನು ದೋಣಿಯ ಮೇಲೆ ಒಟ್ಟಿ, ಹಗ್ಗ ಬಿಗಿದು, ಮೇಲೆ ಕುಳಿತು ಜಾರಿಕೊಂಡು ಬರುವುದು. ನೆಟ್ಟಗೆ ಬರುವಂತಿಲ್ಲ. ಒಂದು ಸಾಲಿನ ಸಂದಿಗೆ ಎಡಕ್ಕೆ ತಿರುಗಬೇಕು, ಮುಂದಿನದಕ್ಕೆ ಬಲಕ್ಕೆ, ದಿಬ್ಬದ ಅಂಚನ್ನು ಸವರಿಕೊಂಡು ಹತ್ತಿ ಇಳಿಯಬೇಕು. ಹಾಗೆ ಉಜ್ಜಿ ಉಜ್ಜಿ ಒಂದು ಜಾಡು ಬಿತ್ತು.

ಅವರು ಮುಂದೆ ಕೂರುತ್ತಿದ್ದರು, ದೋಣಿಯ ಮೂತಿಗೆ ಕಟ್ಟಿದ ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದು. ನಾನು ಹಿಂದೆ. ತಿರುಗಿಸುವುದು ಅವರ ಕೆಲಸ, ಹಿಮ್ಮಡಿ ಊರಿ ತಡೆಯುವುದು ನನ್ನದು. ಮೊದಲ ಸಲ ನಾನು ಕಣ್ಣು ಮುಚ್ಚಿ ಅವರ ಅಂಗಿ ಹಿಡಿದಿದ್ದೆ.

“ಅಂಗಿ ಹರೀತೈತಿ, ಬಿಡ” ಎಂದರು.

“ಮೊದಲ ನಿಂದರಸ್ರಿ ಇದನ್ನ.”

“ನಿಂದರಸಾಕಿ ನೀನ. ನನ್ನ ಕೈಯಾಗ ಬ್ರೇಕ್ ಎಲ್ಲೈತಿ?”

ಆಮೇಲೆ ರೂಢಿಯಾಯಿತು. ಅವರು “ಎಡಕ್ಕ” ಎಂದರೆ ಇಬ್ಬರೂ ಎಡಕ್ಕೆ ವಾಲುತ್ತಿದ್ದೆವು. “ಹಿಡಿ” ಎಂದರೆ ಹಿಮ್ಮಡಿ ಒತ್ತುತ್ತಿದ್ದೆ, “ಬಿಡು” ಎಂದರೆ ಕಾಲೆತ್ತುತ್ತಿದ್ದೆ. ಆ ಹೊತ್ತಿನಲ್ಲಿ ನಮ್ಮ ನಡುವೆ ಬೇರೆ ಮಾತು ಇರಲಿಲ್ಲ. ಮಕ್ಕಳಾಗಲಿಲ್ಲ ಎನ್ನುವ ಮಾತು ಮನೆಯಲ್ಲಿ ಎಷ್ಟೋ ಸಲ ಬಂದು ಹೋಗಿದೆ. ಗುಡ್ಡದ ಮೇಲೆ ಅದು ಎಂದೂ ಬಂದದ್ದಿಲ್ಲ.

ಎರಡು ವರ್ಷದ ಹಿಂದೆ ನನ್ನ ಮೈದುನ ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿದ. ಯಾವುದೋ ದೇಶದ ಗುಡ್ಡ, ಮೇಲೆಲ್ಲ ಹಿಮ. ರಾತ್ರಿ ದೊಡ್ಡ ದೊಡ್ಡ ದೀಪ ಹಚ್ಚಿದ್ದರು. ಗುಡ್ಡದ ತುಂಬ ಹಿಮದ ಉಬ್ಬುಗಳು. ಕಾಲಿಗೆ ಪಟ್ಟಿ ಕಟ್ಟಿಕೊಂಡ ಜನ ಆ ಉಬ್ಬುಗಳ ನಡುವೆ ಎಡಕ್ಕೆ ಬಲಕ್ಕೆ ಹೊರಳುತ್ತ ಇಳಿಯುತ್ತಿದ್ದರು.

“ಅಣ್ಣಾ, ಇದು ನಿಂದ ಆಟ ನೋಡು” ಎಂದ ಮೈದುನ.

ಇವರು ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು ಮತ್ತೆ ಮತ್ತೆ ನೋಡಿದರು. “ಮೊಣಕಾಲ ನೋಡ, ಹ್ಯಾಂಗ ಬಗ್ಗಸ್ತಾರ. ಭಾಳ ಚಲೋ ಇಳೀತಾರ. ಆದ್ರ ಹುಲ್ಲ ಎಲ್ಲಿ ಇಟ್ಟಾರ?”

“ಹುಲ್ಲ ಇಲ್ಲಣ್ಣಾ. ಸುಮ್ಮನ ಇಳೀತಾರ.”

“ಸುಮ್ಮನನ? ಮತ್ತ ಇಳದ ಮ್ಯಾಲೆ ಎಮ್ಮಿಗಿ ಏನ ಹಾಕ್ತಾರ?”

ಅತ್ತೆ ಒಳಗಿನಿಂದ ನಕ್ಕದ್ದು ಕೇಳಿಸಿತು.

ಈ ವರ್ಷ ಫಾಲ್ಗುಣ ಬಂದಾಗ ಮೈದುನ ನನ್ನ ಮುಂದೆ ಬಂದು ನಿಂತ. ಆತ ಊರೊಳಗೆ ಬೇರೆ ಮನೆ ಮಾಡಿದ್ದಾನೆ, ಆದರೂ ಅಣ್ಣ ಹೋದ ಮೇಲೆ ನಮ್ಮ ಹೊಲದ ಕೆಲಸ ನೋಡಿಕೊಳ್ಳುವವನು ಆತನೇ. “ವೈನಿ, ಈ ಸಲ ದೋಣಿ ಗೀಣಿ ಬ್ಯಾಡ್ರಿ. ಫ್ಯಾನಿನ ರಸ್ತೆಗುಂಟ ಟ್ರ್ಯಾಕ್ಟರ್ ತರ್ತೇನಿ. ಒಂದ ದಿನದಾಗ ಎಲ್ಲಾ ಇಳೀತೈತಿ” ಎಂದ.

ಗುಡ್ಡದ ಮೇಲೆ ಕರೆಂಟಿನ ಗಾಳಿಯಂತ್ರ ನಿಲ್ಲಿಸಿದ್ದಾರೆ. ನಾವು ಅವುಗಳನ್ನು ಫ್ಯಾನು ಎನ್ನುತ್ತೇವೆ. ಅವುಗಳಿಗಾಗಿ ಮಾಡಿದ ರಸ್ತೆ ನಮ್ಮ ಹುಲ್ಲಿನ ತಲೆಯ ಮೇಲೇ ಹಾದುಹೋಗುತ್ತದೆ. ಮೈದುನ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಎಮ್ಮೆಗೆ ಹುಲ್ಲು ಯಾವ ದಾರಿಯಿಂದ ಬಂದರೂ ಒಂದೇ. ಆದರೆ ಮಳೆಗಾಲದಲ್ಲಿ ಜಾಡಿನೊಳಗೆ ಜಾಲಿಯ ಸಸಿ ಏಳುತ್ತವೆ, ಬೇಸಿಗೆಯಲ್ಲಿ ದೋಣಿಯ ಅಡಿಗೆ ಸಿಕ್ಕು ಮುರಿಯುತ್ತವೆ. ಒಂದು ಬೇಸಿಗೆ ತಪ್ಪಿತೆಂದರೆ ಅವು ಬಲಿತು ಮುಳ್ಳುಕಂಟಿಯಾಗುತ್ತವೆ. ಆಮೇಲೆ ಆ ಜಾಡು ಯಾರಿಗೂ ಇಲ್ಲ. ಅವರು ಉಟ್ಟ ಬಟ್ಟೆ ಕೊಟ್ಟಾಯಿತು, ಸೈಕಲ್ ಕೊಟ್ಟಾಯಿತು. ಇದನ್ನು ಬಿಟ್ಟುಕೊಡಲು ನನಗೆ ಮನಸ್ಸಾಗಲಿಲ್ಲ.

“ನಾ ಇಳಸ್ತೇನಿ” ಎಂದೆ.

“ಒಬ್ಬಾಕಿನ?”

ಅಂಗಳದಲ್ಲಿ ಕಡಲೆ ಕೇರುತ್ತಿದ್ದ ಅತ್ತೆ ಮೊರ ಕೆಳಗಿಟ್ಟರು. “ಯಾಕ, ನಾ ಇಲ್ಲೇನ?”

“ನೀ ಅಲ್ಲಿ ಏನ ಮಾಡ್ತಿ ಯವ್ವಾ?”

“ಹುಲ್ಲ ಕಟ್ತೇನಿ. ನಿನ್ನ ಹಡದ ಹಿಂದಿನ ದಿನಾನೂ ಕಟ್ಟೇನಿ.”

ಮೈದುನ ನನ್ನನ್ನು ನೋಡಲಿಲ್ಲ, ನೆಲ ನೋಡಿದ. “ಅಣ್ಣಾ ಹೋಗಿ ಇನ್ನೂ ವರ್ಸ ತುಂಬಿಲ್ಲ. ಬೆಳದಿಂಗಳಾಗ ಗುಡ್ಡದ ಮ್ಯಾಲಿಂದ ಜಾರೂದು ಅಂದ್ರ ಊರಾಗ ನಾಕ ಮಂದಿ ಏನಂತಾರ?”

“ನಾಕ ಮಂದಿ ಬಂದು ಎಮ್ಮಿಗಿ ಹುಲ್ಲ ಹಾಕ್ತಾರೇನ ಕೇಳ್ಕೊಂಡ ಬಾ” ಎಂದು ಅತ್ತೆ ಮತ್ತೆ ಮೊರ ಎತ್ತಿಕೊಂಡರು.

ಆತ “ಒಂದ ಸಂಜಿ ನೋಡ್ರಿ. ಆಗಲಿಲ್ಲಂದ್ರ ನಾಳಿ ಟ್ರ್ಯಾಕ್ಟರ್” ಎಂದು ಹೋದ.

ನಾನೂ ಅತ್ತೆಯೂ ಹಗಲು ಕೊಯ್ದು ಹಾಕಿ, ಹೊತ್ತು ಮುಳುಗಿದ ಮೇಲೆ ಸಿವುಡು ಕಟ್ಟಲು ಕುಳಿತೆವು. ಊರಿನಲ್ಲಿ ಹುಡುಗರು ಹೋಳಿಯ ಹಲಗೆ ವಾದ್ಯ ಬಡಿಯುತ್ತಿದ್ದರು. ಅದರ ಸದ್ದು ಗಾಳಿ ಬಂದಾಗ ಹತ್ತಿರ, ಗಾಳಿ ನಿಂತಾಗ ದೂರ ಕೇಳುತ್ತಿತ್ತು. ಫ್ಯಾನುಗಳ ನೆತ್ತಿಯ ಕೆಂಪು ದೀಪಗಳು ಹತ್ತಿ ಆರುತ್ತಿದ್ದವು. ಚಂದ್ರ ಮೇಲೆ ಬಂದಾಗ ದಿಬ್ಬಗಳ ಒಂದು ಮಗ್ಗುಲು ಬೆಳ್ಳಗೆ, ಗುಂಡಿಗಳು ಕಪ್ಪಗೆ ಕಂಡವು. ದೋಣಿಯ ಮೇಲೆ ಹುಲ್ಲು ಒಟ್ಟಿ ಹಗ್ಗ ಬಿಗಿದೆವು. ನಾನು ಜಾರಿಕೊಂಡು ಹೋಗುವುದು, ಅತ್ತೆ ಕಾಲುದಾರಿಯಲ್ಲಿ ಇಳಿದು ಬರುವುದು ಎಂದು ಮಾತಾಗಿತ್ತು.

ನಾನು ಹತ್ತಿ ಕುಳಿತೆ. ಮೂತಿಯ ಹಗ್ಗ ಕೈಗೆ ಸಿಗದೆ ತೋಳು ಚಾಚಿ ಎಳೆದುಕೊಂಡೆ. ಅದರಿಂದಲೂ ನನಗೆ ಏನೂ ಹೊಳೆಯಲಿಲ್ಲ. ಅತ್ತೆ ಹಿಂದಿನಿಂದ ನೂಕಿದರು. ದೋಣಿ ಸರಿಯಿತು, ಅಡಿಯಲ್ಲಿ ಹುಲ್ಲು ಸರಸರ ಎಂದಿತು. ಮೊದಲ ಸಂದಿಗೆ ಎಡಕ್ಕೆ ವಾಲಿದೆ. ಮೂತಿ ತಿರುಗಲಿಲ್ಲ, ಮೇಲೆದ್ದು ನಿಂತಿತ್ತು. ಹಗ್ಗ ಎಳೆದರೆ ಇನ್ನಷ್ಟು ಎದ್ದಿತು. ಹಿಮ್ಮಡಿ ಒತ್ತಿದೆ. ಆಗ ದೋಣಿ ಹಿಂದುಮುಂದಾಗಿ ತಿರುಗಿ, ಹಿಂಬದಿಯಿಂದಲೇ ಜಾರಿ, ಎರಡನೇ ಸಾಲಿನ ಗುಂಡಿಗೆ ನನ್ನನ್ನೂ ಹುಲ್ಲನ್ನೂ ಸುರಿಯಿತು.

ನೋವಾಗಲಿಲ್ಲ. ಮೊಣಕೈ ತರಚಿತ್ತು ಅಷ್ಟೆ. ಅತ್ತೆ ಸೀರೆ ಎತ್ತಿ ಕಟ್ಟಿಕೊಂಡು ಇಳಿದು ಬಂದರು. ನನ್ನನ್ನು ಒಮ್ಮೆ ನೋಡಿ, ದೋಣಿಯನ್ನು ಬಹಳ ಹೊತ್ತು ನೋಡಿದರು. ಹಿಂದಿನ ಸಿವುಡು ಕುಳಿತ ಭಾರಕ್ಕೆ ಚಪ್ಪಟೆಯಾಗಿತ್ತು. ಮುಂದಿನದು ಕಟ್ಟಿದ ಹಾಗೇ ಉಬ್ಬಿಕೊಂಡಿತ್ತು.

“ಎಲುಬು ಗಿಲುಬು ಮುರದಾವೇನ?”

“ಇಲ್ರಿ ಅತ್ತಿ.”

“ಹಂಗಾರ ಹೇಳು. ಮುಂದ ಯಾರಿಗಿ ಜಾಗಾ ಬಿಟ್ಟು ಕುಂತಿದ್ದಿ?”

ಆಗ ನನಗೆ ತಿಳಿಯಿತು. ನಾನು ಒಬ್ಬಳೇ ಬಂದಿದ್ದೆ, ಆದರೆ ಹಿಂದೆ ಕುಳಿತಿದ್ದೆ. ಮುಂದೆ ಒಬ್ಬರು ಕೂರುವಷ್ಟು ಜಾಗ ಖಾಲಿ ಬಿಟ್ಟು, ಅವರ ಭಾರವನ್ನೂ ಲೆಕ್ಕಕ್ಕೆ ಹಿಡಿದು ದೋಣಿ ಬಿಟ್ಟಿದ್ದೆ. ಅವರ ದಿನಕರ್ಮ ಮುಗಿದ ಮೇಲೆ ಎಲ್ಲರ ಮುಂದೆ ಗಟ್ಟಿಯಾಗಿಯೇ ಇದ್ದೆ. ಈಗ ಗುಂಡಿಯ ಅಂಚಿನಲ್ಲಿ ಕುಳಿತು ಸೆರಗು ಬಾಯಿಗೆ ಒತ್ತಿಕೊಂಡೆ.

ಅತ್ತೆ ಸುಮ್ಮನಿರಿಸಲು ಬರಲಿಲ್ಲ. ಪಕ್ಕದ ದಿಬ್ಬದ ಮೇಲೆ ಕುಳಿತು ಕಾಲಿನ ಮುಳ್ಳು ತೆಗೆಯತೊಡಗಿದರು. ಮುಳ್ಳು ಕಿತ್ತು ಎಸೆದು, “ನಾನೂ ದಿನಾ ಅವನ ಪಾಲಿನ ರೊಟ್ಟಿ ಬಡೀತೇನಿ. ಬಡದಾದ ಮ್ಯಾಲೆ ನೆನಪಾಗ್ತೈತಿ. ನಾಯಿಗಿ ಹಾಕ್ತೇನಿ” ಎಂದರು.

“ನೋಡೇನ್ರಿ.”

“ನೋಡಿ ಸುಮ್ಮನ ಇದ್ದಿ?”

“ಏನ ಅನ್ನಲಿ?”

“ನಾಯಿ ದಪ್ಪ ಆತು ಅನ್ನಬೇಕಿಲ್ಲೋ.”

ನನಗೆ ನಗು ಬಂತೋ ಅಳು ಬಂತೋ ಈಗ ಹೇಳಲಾರೆ. ಇಬ್ಬರೂ ಎದ್ದು ಚೆಲ್ಲಿದ ಸಿವುಡು ಕೂಡಿಸಿ, ದೋಣಿಯನ್ನು ಗುಂಡಿಯಿಂದ ಎಳೆದು, ಮತ್ತೆ ಮೇಲಿನ ಸಾಲಿನವರೆಗೆ ಒಯ್ದೆವು. ಹಗ್ಗ ಬಿಗಿದಾದ ಮೇಲೆ ಅತ್ತೆ ಕಾಲುದಾರಿಯ ಕಡೆ ಹೋಗಲಿಲ್ಲ. ದೋಣಿಯ ಹಿಂದಿನ ಸಿವುಡಿನ ಮೇಲೆ ಕುಳಿತರು.

“ಅತ್ತಿ, ನಿಮಗ ಆಗೂದಿಲ್ರಿ.”

“ಯಾಕ, ನನಗ ಹಿಮ್ಮಡಿ ಇಲ್ಲೇನ? ಮುಂದ ಕುಂದ್ರು.”

ಮುಂದೆ ಕುಳಿತೆ. ಹಗ್ಗ ತಾನಾಗಿ ಕೈಗೆ ಸಿಕ್ಕಿತು. ಆ ಜಾಡನ್ನು ಮುಂದಿನಿಂದ ನಾನು ನೋಡಿಯೇ ಇರಲಿಲ್ಲ. ಯಾವ ದಿಬ್ಬ ಎಲ್ಲಿದೆ ಎಂದು ಕಣ್ಣಿಗೆ ಗೊತ್ತಿರಲಿಲ್ಲ. ಆದರೆ ದೋಣಿ ಹೊರಟ ಮೇಲೆ ಎಲ್ಲಿ ವಾಲಬೇಕೆಂದು ಸೊಂಟಕ್ಕೆ ಗೊತ್ತಿತ್ತು. ಎಡಕ್ಕೆ ವಾಲಿದೆ, ಮೂತಿ ಎಡಕ್ಕೆ ಬಂತು. ದಿಬ್ಬದ ಅಂಚು ಹತ್ತಿ ಇಳಿದೆವು. ಬಲಕ್ಕೆ. ಅಡಿಯಲ್ಲಿ ಜಾಲಿಯ ಎಳೆ ಸಸಿಗಳು ಪಟಪಟ ಮುರಿದವು. “ಹಿಡೀರಿ” ಎಂದರೆ ಅತ್ತೆ ಹಿಡಿದರು. “ಬಿಡ್ರಿ” ಎಂದರೆ, “ಸ್ವಲ್ಪ ತಡಿಯ, ಹಿಡದದ್ದು ಲಗೂನ ಬಿಡಾಕ ಬರೂದಿಲ್ಲ” ಎಂದು ಬೈದರು.

ಗುಂಡಿಯ ಸಾಲು ಮುಗಿಯುವ ಮುನ್ನ ಇಳಿಜಾರು ಸ್ವಲ್ಪ ಸಡಿಲವಾಗುತ್ತದೆ. ಅಲ್ಲಿ ನಾನು ತಲೆ ಎತ್ತಿದೆ. ಕೊಯ್ಲಾದ ಎರಿ ಹೊಲಗಳು ಬೆಳದಿಂಗಳಲ್ಲಿ ಉದ್ದಕ್ಕೂ ಬಿದ್ದಿದ್ದವು. ನಡುನಡುವೆ ಕಣಿಕೆಯ ಬಣವೆಗಳು. ನಮ್ಮ ಊರಿನ ದೀಪ, ಅದರಾಚೆ ಇನ್ನೊಂದು ಊರಿನ ದೀಪ. ರೋಣದ ಕಡೆ ಹೋಗುವ ಬಸ್ಸೊಂದು ಬೆಳಕು ಚೆಲ್ಲುತ್ತ ಮೆಲ್ಲಗೆ ಸರಿಯುತ್ತಿತ್ತು. ಇಷ್ಟು ವರ್ಷ ಆ ಇಳಿಜಾರಿನಲ್ಲಿ ನಾನು ನೋಡಿದ್ದು ಅವರ ಬೆನ್ನನ್ನು. ಅವರು ನೋಡುತ್ತಿದ್ದದ್ದು ಇದನ್ನು. ಚೆಂದ ಕಾಣುತ್ತದೆ ಎಂದು ಒಮ್ಮೆಯೂ ಹೇಳಿರಲಿಲ್ಲ. ಹೇಳಲು ಹೊತ್ತಾದರೂ ಎಲ್ಲಿತ್ತು. ಎಡಕ್ಕ, ಬಲಕ್ಕ, ಹಿಡಿ, ಬಿಡು ಎನ್ನುವುದರೊಳಗೆ ಗುಡ್ಡ ಮುಗಿದುಬಿಡುತ್ತಿತ್ತು.

ಕೆಳಗೆ ಮೈದುನ ಎತ್ತಿನ ಬಂಡಿ ಕಟ್ಟಿಕೊಂಡು ಕಾಯುತ್ತಿದ್ದ. ದೋಣಿ ಬದುವಿಗೆ ತಾಗಿ ನಿಂತಿತು. ಆತ ಬ್ಯಾಟರಿ ಹಿಡಿದು ಮೊದಲು ನನ್ನನ್ನು, ಆಮೇಲೆ ಅವ್ವನನ್ನು ನೋಡಿದ.

“ನೀನೂ ಜಾರಿ ಬಂದೇನ ಯವ್ವಾ?”

“ಬ್ಯಾಟರಿ ಕಣ್ಣಾಗ ಬಿಡಬ್ಯಾಡ. ನಾಳಿ ಲಗೂ ಬಾ.”

“ಟ್ರ್ಯಾಕ್ಟರ್ ತರಲ್ಯಾ?”

“ಟ್ರ್ಯಾಕ್ಟರ್ ಯಾಕ? ದೋಣಿನ ಗುಡ್ಡದ ಮ್ಯಾಲ ಒಯ್ಯಾಕ ಒಂದಾಳ ಬೇಕು.”

ಆತ ಸಿವುಡು ಎತ್ತಿ ಬಂಡಿಗೆ ಹಾಕತೊಡಗಿದ. ಹೋಳಿ ಹುಣ್ಣಿಮೆಯೊಳಗೆ ಹುಲ್ಲೆಲ್ಲ ಆ ಜಾಡಿನಲ್ಲೇ ಇಳಿಯಿತು.

ಕೊನೆಯ ಹೊರೆ ಇಳಿಸಿದ ಮರುದಿನ ಅತ್ತೆಯ ಸೊಂಟ ಹಿಡಿದುಕೊಂಡಿತು. ನಾನು ಬಿಸಿ ಎಣ್ಣೆ ತಿಕ್ಕುತ್ತಿದ್ದೆ. ಬೋರಲು ಮಲಗಿದ್ದ ಅವರು ಮುಖ ಎತ್ತದೆ ಕೇಳಿದರು.

“ನನ್ನ ಮಗಾ ನಿನಗಿಂತ ಚಲೋ ತಿರಗಸ್ತಿದ್ನ?”

“ಭಾಳ ಚಲೋ, ಅತ್ತಿ.”

ಅವರು ಮುಖವನ್ನು ಇನ್ನೊಂದು ಬದಿಗೆ ಹೊರಳಿಸಿದರು.

“ಮುಂದಿನ ವರ್ಸಕ್ಕ ನಿನಗೂ ಬರ್ತೈತಿ ತಗೊ” ಎಂದರು. “ಇನ್ನೊಂದೀಟ ಕೆಳಗ ತಿಕ್ಕು.”